ತೆಳು ಲ್ಯಾಪ್‌ಟಾಪ್ ಬಿಚ್ಚುವ ಮುಂಚೆ: ಓದುಗರ ಪ್ರಶ್ನೆ, ಬೆಂಚಿನ ಉತ್ತರ

ಹೋದ ಸಲ ಹಳೇ ಡೆಸ್ಕ್‌ಟಾಪ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು "ಅದು ಬಿಡ್ರೀ, ನಮ್ಮ ತೆಳು ಲ್ಯಾಪ್‌ಟಾಪಿನ ಕಥೆ ಕೇಳಿ" ಅಂತಲೇ ಶುರುವಾಗಿದ್ದವು. ಸರಿ, ಈ ಸಲ ಅದೇ. ದಾವಣಗೆರೆಯ ನನ್ನ ರಿಪೇರಿ ಬೆಂಚಿಗೆ ಬರುವ ಮಾಲಿನಲ್ಲಿ ತಾನಾಗಿ ಕೆಟ್ಟಿದ್ದಕ್ಕಿಂತ ಬಿಚ್ಚುವಾಗ ಕೆಡಿಸಿಕೊಂಡಿದ್ದೇ ನನಗೆ ಜಾಸ್ತಿ ತಲೆನೋವು ಕೊಡುತ್ತದೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ "ಹೀಗೆ ಮಾಡಿ" ಅನ್ನುವುದರ ಜೊತೆಗೆ "ಇಲ್ಲಿಗೆ ನಿಲ್ಲಿಸಿ" ಅನ್ನುವುದೂ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಣ್ಣಾ, ನನ್ನ ಲ್ಯಾಪ್‌ಟಾಪಿಗೆ ಮೂರು ವರ್ಷ ಆಯ್ತು. ಹದಿನೈದು ದಿನದಿಂದ ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗ್ತಿಲ್ಲ. ಟೇಬಲ್ ಮೇಲಿಟ್ಟರೆ ಒಂದು ಮೂಲೆ ಅಲ್ಲಾಡುತ್ತೆ. ಟಚ್‌ಪ್ಯಾಡ್ ಹೊಸದು ಹಾಕಿಸು ಅಂತ ರೂಮ್‌ಮೇಟ್ ಹೇಳ್ತಾನೆ. ಹಾಕಿಸಲಾ?
(ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಟಚ್‌ಪ್ಯಾಡಿಗೆ ದುಡ್ಡು ಹಾಕಬೇಡ ತಮ್ಮಾ. ಈ ಎರಡು ಲಕ್ಷಣ ಒಟ್ಟಿಗೆ ಬಂದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಅದು ಊದಿಕೊಂಡಿರುತ್ತದೆ.

ಹಳೇ ದಪ್ಪ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿಗೆ ಗಟ್ಟಿ ಡಬ್ಬಿ ಇರುತ್ತಿತ್ತು, ಹಿಂದಿನಿಂದ ಎಳೆದರೆ ಹೊರಗೆ ಬರುತ್ತಿತ್ತು. ತೆಳುವಿನಲ್ಲಿ ಅದಕ್ಕೆ ಜಾಗ ಇಲ್ಲ. ಬೆಳ್ಳಿ ಬಣ್ಣದ ಮೆತ್ತನೆ ಪಾಕೀಟು, ಅಷ್ಟೇ, ಟಚ್‌ಪ್ಯಾಡಿನ ಕೆಳಗೋ ಪಕ್ಕದಲ್ಲೋ ಮಲಗಿರುತ್ತದೆ. ವಯಸ್ಸಾದಂತೆ, ಅದರಲ್ಲೂ ಬಿಸಿಯಲ್ಲಿ, ಒಳಗಿನ ರಾಸಾಯನಿಕ ಒಡೆದು ಗ್ಯಾಸ್ ಆಗುತ್ತದೆ. ಗ್ಯಾಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಪಾಕೀಟು ಪೂರಿಯಂತೆ ಉಬ್ಬಿ ಮೇಲೆ ಟಚ್‌ಪ್ಯಾಡನ್ನೂ ಕೆಳಗೆ ತಳದ ತಗಡನ್ನೂ ತಳ್ಳುತ್ತದೆ. ನಿನ್ನ ಟೇಬಲ್ ಮೇಲೆ ಮೂಲೆ ಅಲ್ಲಾಡುವುದು ಅದಕ್ಕೇ. ದಿನವಿಡೀ ಚಾರ್ಜರ್ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು, ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ರೂಮಿನೊಳಗೆ ಓಡಿಸಿದರೆ ಇದು ಬೇಗ ಬರುತ್ತದೆ.

ಈಗಲೇ ಚಾರ್ಜರ್ ತೆಗೆ. ಮತ್ತೆ ಚಾರ್ಜ್ ಮಾಡಬೇಡ. ಚಾರ್ಜ್ ಜಾಸ್ತಿ ಇದ್ದರೆ ನಿನ್ನ ಕಣ್ಣೆದುರಿಗೇ ಗಟ್ಟಿ ಟೇಬಲ್ ಮೇಲೆ ಇಟ್ಟು 25 ಪರ್ಸೆಂಟಿಗಿಂತ ಕೆಳಗೆ ಇಳಿಸಿ ಆಫ್ ಮಾಡು. ಖಾಲಿ ಬ್ಯಾಟರಿಯಲ್ಲಿ ಉರಿಯುವ ಶಕ್ತಿಯೂ ಕಡಿಮೆ. ಮುಟ್ಟಿದರೆ ಬಿಸಿ ಇದೆ, ಹಣ್ಣು ಕೊಳೆತಂಥ ಸಿಹಿ ವಾಸನೆ ಬರುತ್ತಿದೆ ಅಂದರೆ ಇದ್ಯಾವುದೂ ಬೇಡ, ತಕ್ಷಣ ಆಫ್ ಮಾಡಿ ಬಟ್ಟೆ ಕಾಗದ ಇಲ್ಲದ ಕಡೆ, ಹೊರಗೆ ಸಿಮೆಂಟ್ ನೆಲದ ಮೇಲಿಡು. ಉಬ್ಬಿದ್ದನ್ನು ಒತ್ತಿ ಮಟ್ಟ ಮಾಡಬೇಡ, ತಳದ ಸ್ಕ್ರೂ ಬಿಗಿ ಮಾಡಿ ಸರಿಮಾಡಲೂ ಹೋಗಬೇಡ. ಇನ್ನು ಪಿನ್ನಿನಿಂದ ಚುಚ್ಚಿ ಗ್ಯಾಸ್ ಬಿಡು ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಲ್ಯಾಪ್‌ಟಾಪ್ ವಿಷಯ ಮಾತಾಡುವುದನ್ನೇ ಬಿಟ್ಟುಬಿಡು.

ನಾನು ಕೆಲಸ ಕಲಿಯುವ ಕಾಲದಲ್ಲಿ ಒಂದು ತಪ್ಪು ಮಾಡಿದೆ. ಬ್ಯಾಟರಿ ಅಂಟಿಕೊಂಡಿತ್ತು, ಏಳುತ್ತಿರಲಿಲ್ಲ. ಸ್ಟೀಲ್ ಸ್ಕೇಲ್ ತೂರಿಸಿ ಮೀಟಿದೆ. ಪಾಕೀಟು ಬಗ್ಗಿತು, ಒಂದು ಸಣ್ಣ ಚುರ್ ಅನ್ನುವ ಸದ್ದು, ಆಮೇಲೆ ಬಿಳೀ ಹೊಗೆ. ನಮ್ಮ ಯಜಮಾನರು ಬೈಯುವುದಕ್ಕೂ ನಿಲ್ಲದೆ ಇಕ್ಕಳದಲ್ಲಿ ಹಿಡಿದು ಬಾಗಿಲ ಪಕ್ಕದ ಮರಳಿನ ಬಕೆಟ್ಟಿಗೆ ಹಾಕಿದರು. ಬೈಗುಳ ಸಂಜೆಗೆ ಬಂತು. ಮರಳಿನ ಬಕೆಟ್ ಯಾಕಿದೆ ಅಂತ ಅವತ್ತಿನವರೆಗೂ ನಾನು ಕೇಳಿರಲಿಲ್ಲ.

ಅದಕ್ಕೇ ಊದಿದ ಬ್ಯಾಟರಿಯನ್ನು ನೀನೇ ತೆಗೆಯಬೇಡ. ಅಂಗಡಿಗೆ ಒಯ್ಯುವಾಗ ಬ್ಯಾಗಿನಲ್ಲಿ ಪುಸ್ತಕಗಳ ನಡುವೆ ಒತ್ತಿ ತುರುಕದೆ ಕೈಯಲ್ಲೇ ಹಿಡಿದುಕೊಂಡು ಹೋಗು. ಬೇರೆ ಊರಿಗೆ ಕೊರಿಯರ್ ಮಾಡಬೇಡ. ಹೊಸ ಬ್ಯಾಟರಿ ತರಿಸುವಾಗ ಹಳೆಯದರ ಸ್ಟಿಕ್ಕರ್ ಮೇಲಿನ ಪಾರ್ಟ್ ನಂಬರ್ ಮತ್ತು ವೋಲ್ಟೇಜ್ ಎರಡೂ ಹೊಂದಬೇಕು. ನೋಡಲು ಒಂದೇ ಥರ ಇದ್ದು 7.7 ವೋಲ್ಟಿಂದು ಒಂದು, 11.55 ವೋಲ್ಟಿಂದು ಇನ್ನೊಂದು ಇರುತ್ತದೆ. ಹಳೆಯದನ್ನು ಕಸದ ಗಾಡಿಗೆ ಹಾಕುವಂತಿಲ್ಲ, ಗಾಡಿಯಲ್ಲಿ ಕಸ ಒತ್ತುವಾಗ ಬೆಂಕಿ ಹತ್ತುತ್ತದೆ. ಬ್ಯಾಟರಿ ತಯಾರಿಸುವ ಕಂಪನಿಗಳೇ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಜವಾಬ್ದಾರಿ ಹೊರಬೇಕು ಅಂತ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೇ ಹೇಳುತ್ತವೆ, ಹಾಗಾಗಿ ಹೊಸದು ಕೊಡುವವರಿಗೆ ಹಳೆಯದನ್ನು ತಗೊಳ್ಳಿ ಅಂತ ಕೇಳಲು ಸಂಕೋಚ ಬೇಡ. ಹೊಸದು ಹಾಕಿದ ಮೇಲೆ, ಸದಾ ಚಾರ್ಜರಿನಲ್ಲೇ ಓಡಿಸುವವನಾದರೆ ಕಂಪನಿಯ ಆ್ಯಪಿನಲ್ಲಿ ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸುವ ಆಯ್ಕೆ ಇದೆಯಾ ನೋಡು.

ಪ್ರಶ್ನೆ: ಫ್ಯಾನ್ ಜೋರು ಸದ್ದು ಮಾಡುತ್ತದೆ, ಕೀಬೋರ್ಡ್ ಮೇಲೆ ಕೈಯಿಡಲಾಗದಷ್ಟು ಬಿಸಿ. ಸೈಕಲ್ಲು, ಮಿಕ್ಸಿ ಎಲ್ಲ ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ. ಇದನ್ನೂ ಬಿಚ್ಚಿ ಧೂಳು ತೆಗೆಯಬಹುದೇ?
(ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ)

ಉತ್ತರ: ತೆಗೆಯಬಹುದು ಮೇಷ್ಟ್ರೇ. ಮಿಕ್ಸಿ ಬಿಚ್ಚಿದ ಕೈಗೆ ಧೈರ್ಯ ಇರುತ್ತದೆ, ಆದರೆ ಇಲ್ಲಿ ಬಲ ಕಡಿಮೆ ಮಾಡಬೇಕು. ವಾರಂಟಿ ಇದೆಯಾ ಮೊದಲು ನೋಡಿ. ಇದ್ದರೆ ಮುಟ್ಟಬೇಡಿ, ಸರ್ವೀಸ್ ಸೆಂಟರಿಗೇ ಕೊಡಿ. ಫ್ಯಾನ್ ಇದೆಯಾ ಅಂತಲೂ ನೋಡಿಕೊಳ್ಳಬೇಕು ಅನ್ನುತ್ತಿದ್ದೆ, ನಿಮ್ಮದು ಸದ್ದು ಮಾಡುತ್ತಿದೆ ಅಂದಮೇಲೆ ಇದೆ. 2020ರ ಕೊನೆಯಿಂದ ಬಂದ ಎಂ ಸರಣಿ ಚಿಪ್ಪಿನ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ಅದನ್ನು ಬಿಚ್ಚಿ ಫ್ಯಾನ್ ಹುಡುಕಿದವರೂ ನನ್ನ ಹತ್ತಿರ ಬಂದಿದ್ದಾರೆ.

ನಿಮ್ಮೂರಲ್ಲಿ ಗಾಳಿಗೆ ಬರ ಇಲ್ಲ. ಗುಡ್ಡದ ಮೇಲೆಲ್ಲ ಆ ದೊಡ್ಡ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ವಲ್ಲ. ಆ ಗಾಳಿ ತರುವ ಸಣ್ಣ ಧೂಳು ಫ್ಯಾನಿನ ರೆಕ್ಕೆಗಿಂತ ಅದರ ಮುಂದಿರುವ ಹೀಟ್‌ಸಿಂಕಿನ, ಅಂದರೆ ಬಿಸಿ ಹೊರಹಾಕುವ ಲೋಹದ ಭಾಗದ, ಜಾಲರಿಯಲ್ಲಿ ಜಾಸ್ತಿ ಕೂರುತ್ತದೆ, ಕೂದಲು ನೂಲು ಸೇರಿ ಚಾಪೆಯಂತಾಗುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಆ ಚಾಪೆ ಒಳಗೆ ಬಿದ್ದು ಫ್ಯಾನಿಗೇ ಸಿಕ್ಕಿಕೊಳ್ಳಬಹುದು. ಬಿಚ್ಚಿ ತೆಗೆಯುವುದೇ ಸರಿ.

ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಶುರು ಮಾಡಿ. ನಿಮ್ಮ ಮಾಡೆಲ್ ನಂಬರಿನ ಸರ್ವೀಸ್ ಮ್ಯಾನುಯಲ್ ಹುಡುಕಿ, ದೊಡ್ಡ ಕಂಪನಿಗಳು ಹಲವು ಮಾಡೆಲ್‌ಗಳಿಗೆ ಅದನ್ನು ಪುಕ್ಕಟೆ ಕೊಡುತ್ತವೆ, ಯಾವ ಸ್ಕ್ರೂ ಎಲ್ಲಿದೆ ಅಂತ ಚಿತ್ರ ಸಮೇತ ಇರುತ್ತದೆ. ಸ್ಕ್ರೂ ಡ್ರೈವರ್ ವಿಷಯದಲ್ಲಿ ಚೌಕಾಸಿ ಬೇಡ. ಸಾಮಾನ್ಯವಾಗಿ ಬೇಕಾಗುವುದು ಪ್ಲಸ್ ಗುರುತಿನಂಥ ಫಿಲಿಪ್ಸ್ ಸೊನ್ನೆ ನಂಬರು, ಇಲ್ಲವೇ ನಕ್ಷತ್ರದಂಥ ಟಾರ್ಕ್ಸ್ ಟಿ5. ಸಂತೆಯಲ್ಲಿ ಸಿಗುವ ಮೆತ್ತನೆ ಬಿಟ್ಟಿನ ಡಬ್ಬಿ ಸ್ಕ್ರೂ ತಲೆಯನ್ನು ಸವೆಸಿ ದುಂಡಗೆ ಮಾಡುತ್ತದೆ, ಆಮೇಲೆ ಅದು ಡ್ರಿಲ್ ಕೇಸು.

ಕಂಬಳಿ, ಕಾರ್ಪೆಟ್ ಮೇಲೆ ಕೂರಬೇಡಿ. ಮರದ ಟೇಬಲ್ ಮೇಲೆ ಹತ್ತಿ ಬಟ್ಟೆ ಹಾಸಿ. ಗಿರಣಿಗಳ ಊರಿನವನು ಅಂತ ಹತ್ತಿಯ ಪರ ವಕಾಲತ್ತು ಮಾಡುತ್ತಿಲ್ಲ, ಪಾಲಿಯೆಸ್ಟರ್ ಬಟ್ಟೆ ಉಜ್ಜಿದರೆ ಮೈಯಲ್ಲಿ ಸ್ಟ್ಯಾಟಿಕ್ ಕರೆಂಟ್ ತುಂಬಿಕೊಳ್ಳುತ್ತದೆ. ಬೆರಳಿಗೆ ಚಟ್ ಅಂತ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು, ಚಿಪ್ಪು ಹಾಳಾಗಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಅಂದರೆ ನಿಮಗೆ ಗೊತ್ತಾಗದೆಯೇ ಕೊಂದಿರುತ್ತೀರಿ. ನಮ್ಮ ಕಡೆ ಚಳಿಗಾಲದ ಒಣ ಹವೆಯಲ್ಲಿ ಇದು ಇನ್ನೂ ಜಾಸ್ತಿ. ಮೈಯ ಸ್ಟ್ಯಾಟಿಕ್ ನೆಲಕ್ಕಿಳಿಸುವ ಮಣಿಕಟ್ಟಿನ ಪಟ್ಟಿ, ರಿಸ್ಟ್ ಸ್ಟ್ರಾಪ್, ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಆಗಾಗ ಬಣ್ಣ ಬಳಿಯದ ಕಬ್ಬಿಣದ ಕಿಟಕಿ ಸರಳನ್ನೋ ನಲ್ಲಿಯ ಲೋಹದ ಪೈಪನ್ನೋ ಮುಟ್ಟಿ.

ಚಾರ್ಜರ್ ತೆಗೆದು, ಪೂರ್ತಿ ಶಟ್‌ಡೌನ್ ಮಾಡಿ. ಮುಚ್ಚಳ ಮುಚ್ಚುವುದು ಶಟ್‌ಡೌನ್ ಅಲ್ಲ, ನಿದ್ದೆ. ಈಗ ತಿರುಗಿಸಿ ಸ್ಕ್ರೂ ತೆಗೆಯಿರಿ. ಒಂದು ಬಿಳಿ ಹಾಳೆ ಮೇಲೆ ತಳದ ಚಿತ್ರ ಬರೆದು, ಯಾವ ತೂತಿನ ಸ್ಕ್ರೂ ಅದೇ ಜಾಗಕ್ಕೆ ಟೇಪಿನಿಂದ ಅಂಟಿಸಿ, ಚುಕ್ಕಿ ರಂಗೋಲಿ ಇಟ್ಟ ಹಾಗೆ. ಇದನ್ನು ತಮಾಷೆ ಅಂದುಕೊಳ್ಳಬೇಡಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಎರಡು ಮಿಲಿಮೀಟರ್ ಜಾಸ್ತಿ ಉದ್ದದ್ದು ತಪ್ಪು ತೂತಿಗೆ ಹೋದರೆ ಒಳಗಿನ ಸರ್ಕ್ಯೂಟ್ ಬೋರ್ಡನ್ನೇ ಚುಚ್ಚುತ್ತದೆ ಅಥವಾ ಮೇಲಿನ ಕೀಬೋರ್ಡನ್ನು ಉಬ್ಬಿಸುತ್ತದೆ. ಎಲ್ಲ ತೆಗೆದ ಮೇಲೂ ತಳದ ಮುಚ್ಚಳ ಬರುತ್ತಿಲ್ಲವಾ? ರಬ್ಬರ್ ಕಾಲಿನ ಕೆಳಗೆ ಒಂದೆರಡು ಅಡಗಿರುತ್ತವೆ. ಹೇರ್ ಡ್ರೈಯರಿನಿಂದ ಒಂದರ್ಧ ನಿಮಿಷ ಬೆಚ್ಚಗೆ ಮಾಡಿ ರಬ್ಬರ್ ಎತ್ತಿ. ಆಮೇಲೆ ಹಳೇ ಎಟಿಎಂ ಕಾರ್ಡು ಅಥವಾ ಗಿಟಾರ್ ಪಿಕ್ ತೂರಿಸಿ ಅಂಚಿನುದ್ದಕ್ಕೂ ನಿಧಾನ ಸರಿಸಿ, ಕ್ಲಿಪ್ಪುಗಳು ಟಕ್ ಟಕ್ ಅಂತ ಬಿಡುತ್ತವೆ. ಚಾಕು ಬೇಡ, ಕಾರ್ಡನ್ನು ಆಳಕ್ಕೂ ತೂರಿಸಬೇಡಿ, ಹತ್ತು ಮಿಲಿಮೀಟರ್ ಒಳಗೆ ಬ್ಯಾಟರಿ ಇರಬಹುದು. ಕೊನೆಯಲ್ಲಿ ಮುಚ್ಚಳ ಕಿತ್ತು ಎಸೆದ ಹಾಗೆ ಎತ್ತಬೇಡಿ, ಕೆಲವು ಮಾಡೆಲ್‌ಗಳಲ್ಲಿ ಅದಕ್ಕೆ ಕೇಬಲ್ ಅಂಟಿರುತ್ತದೆ.

ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಧೂಳು ಆಮೇಲೆ, ಫೋಟೋ ಕೂಡ ಆಮೇಲೆ. ವೈರನ್ನು ಎಳೆಯದೆ ಪ್ಲಗ್ಗಿನ ಎರಡೂ ಕಿವಿಗೆ ಪ್ಲಾಸ್ಟಿಕ್ ಕಡ್ಡಿ ಕೊಟ್ಟು ಸಮವಾಗಿ ಸರಿಸಿ. ಕೆಲವದಕ್ಕೆ ತಂತಿಯ ಸಣ್ಣ ಚಿಲಕ ಇರುತ್ತದೆ, ಕೆಲವು ಮೇಲಕ್ಕೆ ಏಳುತ್ತವೆ, ಕೆಲವು ಪಕ್ಕಕ್ಕೆ ಜಾರುತ್ತವೆ, ನೋಡದೆ ಬಲ ಹಾಕಬೇಡಿ. ಬಿಡಿಸಿದ ಮೇಲೆ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದರೆ ಉಳಿದಿದ್ದೂ ಇಳಿಯುತ್ತದೆ. ಈಗ ಫ್ಯಾನಿನ ರೆಕ್ಕೆ ಒಂದು ಬೆರಳಿನಿಂದ ಹಿಡಿದುಕೊಂಡು ಮೆತ್ತನೆ ಬ್ರಷ್ ಆಡಿಸಿ. ಹಿಡಿಯದೆ ಗಾಳಿ ಊದಿದರೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದೂ ಸ್ಟ್ಯಾಟಿಕ್ ಹುಟ್ಟಿಸುತ್ತದೆ.

ಮೊದಲ ಸಲಕ್ಕೆ ಇಲ್ಲಿಗೆ ನಿಲ್ಲಿಸಿ. ಹೀಟ್‌ಸಿಂಕ್ ಎತ್ತಿ ಅದಕ್ಕೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸುವ ಆಸೆ ಬರುತ್ತದೆ, ಬರಲಿ, ಕಾಯಿರಿ. ತೆಳು ಬೋರ್ಡಿನಲ್ಲಿ ಪ್ರೊಸೆಸರ್ ಮೇಲೆ ಲೋಹದ ಟೋಪಿ ಇರುವುದಿಲ್ಲ, ಬರೀ ಗಾಜಿನಂಥ ಸಿಲಿಕಾನ್, ಒಂದು ಕಡೆಯ ಸ್ಕ್ರೂ ಮಾತ್ರ ಬಿಗಿ ಮಾಡಿದರೆ ಮೂಲೆ ಚಕ್ಕೆ ಏಳುತ್ತದೆ. ಧೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ ಆಗ ಪೇಸ್ಟಿನ ಮಾತು.

ಪ್ರಶ್ನೆ: ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪಿನ ಮೈ ಸವರಿದರೆ ಜುಂ ಅನ್ನುತ್ತೆ. ಟೆಸ್ಟರ್ ಹಿಡಿದರೆ ಲೈಟ್ ಬರುತ್ತೆ. ಮಗಳು ಅದರಲ್ಲೇ ಓದುತ್ತಾಳೆ, ಭಯ ಆಗಿದೆ.
(ಕೃಷಿಕರು, ಜಗಳೂರು)

ಉತ್ತರ: ಭಯ ಆಗುವುದು ಸಹಜ ಅಣ್ಣಾರೆ. ಅಡಾಪ್ಟರಿನ ಒಳಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, ರೇಡಿಯೋಗೆ ಗುಂಯ್ ಅನ್ನುವ ತೊಂದರೆ ಆಗದಿರಲಿ ಅಂತ ಇಟ್ಟಿದ್ದು. ಅದರ ಮೂಲಕ ತೀರಾ ಸ್ವಲ್ಪ ಕರೆಂಟ್ ಸೋರುತ್ತದೆ. ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಲೋಹದ ಮೈಯಲ್ಲಿ ನಿಂತು ನಿಮ್ಮ ಕೈಗೆ ಜುಂ ಅನ್ನುತ್ತದೆ. ಪ್ರಮಾಣ ಒಂದು ಮಿಲಿ ಆಂಪಿಯರಿಗಿಂತ ಕಡಿಮೆ, ಬರೀ ಜುಂ ಅನ್ನುವುದರಿಂದ ಪ್ರಾಣಾಪಾಯ ಇಲ್ಲ.

ಹಾಗಂತ ಬಿಟ್ಟುಬಿಡಬೇಡಿ. ಮೂರು ಪಿನ್ನಿನ ವೈರಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದೀರಾ? ದಪ್ಪ ಪಿನ್ ಕತ್ತರಿಸಿದ್ದೀರಾ? ಹಾಗಿದ್ದರೆ ಕಾರಣ ಸಿಕ್ಕಿತು. ಅದಲ್ಲವಾದರೆ ಮನೆಯ ಅರ್ಥಿಂಗ್ ನೋಡಿಸಿ. ಇದ್ದಿಲು ಉಪ್ಪು ಹಾಕಿದ ಹಳೇ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ಯಾರೂ ನೀರು ಹಾಕುವುದಿಲ್ಲ, ಜಗಳೂರಿನ ನೆಲ ಒಣಗಿದರೆ ಅರ್ಥ್ ಇದ್ದೂ ಇಲ್ಲದ ಹಾಗೆ. ಎಲೆಕ್ಟ್ರಿಷಿಯನ್ ಕರೆಸಿ, ನೀವೇ ತಂತಿ ಮುಟ್ಟಬೇಡಿ. ಇದಕ್ಕೆ ಲ್ಯಾಪ್‌ಟಾಪ್ ಬಿಚ್ಚುವ ಅಗತ್ಯವೇ ಇಲ್ಲ. ಆದರೆ ಜುಂ ಅನ್ನುವ ಬದಲು ಕೈ ಎಳೆದುಕೊಳ್ಳುವಂತೆ ಹೊಡೆದರೆ, ಅಥವಾ ಅಡಾಪ್ಟರ್ ಕಂಪನಿಯದಲ್ಲದೆ ಯಾವುದೋ ಅಗ್ಗದ್ದಾದರೆ, ಅವತ್ತೇ ಅದನ್ನು ಬಳಸುವುದು ನಿಲ್ಲಿಸಿ.

ಪ್ರಶ್ನೆ: ಮುಚ್ಚಳ ತೆಗೆಯುವಾಗ ಎಡಗಡೆ ಕಟ್ ಅಂತು. ಈಗ ಹಿಂಜ್ ಹತ್ತಿರ ಬಾಯಿ ಬಿಟ್ಟಿದೆ. ಫೆವಿಕ್ವಿಕ್ ಹಾಕಿದೆ, ನಿಲ್ಲಲಿಲ್ಲ.
(ಖಾಸಗಿ ಕಂಪನಿ ನೌಕರರು, ಹರಿಹರ)

ಉತ್ತರ: ನಿಲ್ಲುವುದಿಲ್ಲ. ಹಿಂಜ್, ಅಂದರೆ ಸ್ಕ್ರೀನ್ ಮಡಚುವ ಕೀಲು, ಕಬ್ಬಿಣದ್ದು, ಅದನ್ನು ಹಿಡಿದಿರುವುದು ಪ್ಲಾಸ್ಟಿಕ್‌ನಲ್ಲಿ ಕೂರಿಸಿದ ಹಿತ್ತಾಳೆಯ ಸಣ್ಣ ನಟ್ಟು. ವರ್ಷಗಳಾದಂತೆ ಹಿಂಜ್ ಬಿಗಿಯಾಗುತ್ತದೆ, ನೀವು ಒಂದೇ ಮೂಲೆ ಹಿಡಿದು ಎತ್ತುತ್ತೀರಿ, ಪ್ಲಾಸ್ಟಿಕ್ ಸೋಲುತ್ತದೆ. ಫೆವಿಕ್ವಿಕ್ ಗಟ್ಟಿಯಾದರೂ ಗಾಜಿನಂತೆ ಒಡೆಯುವ ಅಂಟು, ಹಿಂಜ್ ಬಾಗುವ ಜಾಗಕ್ಕೆ ಅದು ಆಗಿಬರುವುದಿಲ್ಲ, ಜೊತೆಗೆ ಹರಿದು ಹಿಂಜ್ ಒಳಗೆ ಹೋದರೆ ಇನ್ನೊಂದು ತೊಂದರೆ. ಎರಡು ಟ್ಯೂಬಿನ ಎಪಾಕ್ಸಿಯಲ್ಲಿ ನಟ್ಟುಗಳನ್ನು ಮತ್ತೆ ಕೂರಿಸಿ ಪೂರ್ತಿ ಒಂದು ದಿನ ಒಣಗಲು ಬಿಟ್ಟು, ಆಮೇಲೆ ಹಿಂಜ್ ಬಿಗಿಯನ್ನು ಸ್ವಲ್ಪ ಸಡಿಲಿಸಬೇಕು. ಸಡಿಲಿಸದೆ ಅಂಟಿಸಿ ಕೊಟ್ಟರೆ ಮೂರು ತಿಂಗಳಿಗೆ ಮತ್ತೆ ಬರುತ್ತೀರಿ. ಅಲ್ಲಿಯವರೆಗೆ ಪದೇ ಪದೇ ತೆಗೆದು ಮುಚ್ಚಬೇಡಿ. ಸ್ಕ್ರೀನಿನ ಕೇಬಲ್ ಅದೇ ಹಿಂಜಿನ ಪಕ್ಕ ಹಾದು ಹೋಗುತ್ತದೆ, ಅದು ಹರಿದರೆ ಖರ್ಚು ಎರಡಾಗುತ್ತದೆ.

ಪ್ರಶ್ನೆ: ಕೀಬೋರ್ಡ್ ಮೇಲೆ ಟೀ ಚೆಲ್ಲಿತು. ಒರೆಸಿ ಎರಡು ದಿನ ಅಕ್ಕಿ ಡ್ರಮ್ಮಿನಲ್ಲಿ ಇಟ್ಟಿದ್ದೆ. ಆನ್ ಆಯಿತು, ವಾರ ಕಳೆದು ಸತ್ತಿತು.
(ಗೃಹಿಣಿ, ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಅಕ್ಕಾರೆ, ಅಕ್ಕಿ ಟೀ ಹೀರುವುದಿಲ್ಲ. ಮಂಡಕ್ಕಿಯೂ ಹೀರುವುದಿಲ್ಲ, ಅದನ್ನೂ ಒಬ್ಬರು ಪ್ರಯತ್ನಿಸಿ ತಂದಿದ್ದರು, ಫ್ಯಾನಿನೊಳಗಿನಿಂದ ಮಂಡಕ್ಕಿ ಪುಡಿ ಆರಿಸಿ ತೆಗೆಯುವಾಗ ಜೊತೆಗೆ ಮಿರ್ಚಿ ಇದ್ದಿದ್ದರೆ ಅನ್ನಿಸಿತ್ತು. ಟೀಯ ನೀರು ಒಣಗುತ್ತದೆ, ಸಕ್ಕರೆ ಹಾಲು ಅಲ್ಲೇ ಉಳಿಯುತ್ತವೆ. ಹವೆಯ ತೇವ ಎಳೆದುಕೊಂಡು, ಕರೆಂಟ್ ಹರಿದಂತೆಲ್ಲ ತಾಮ್ರವನ್ನು ತಿಂದು ಹಸಿರು ಹಿಟ್ಟು ಮಾಡುತ್ತವೆ. ನಿಮ್ಮದು ವಾರ ನಡೆದು ಸತ್ತದ್ದು ಹೀಗೇ.

ಚೆಲ್ಲಿದ ಕ್ಷಣವೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು, ಫೈಲ್ ಸೇವ್ ಮಾಡುತ್ತಾ ಕೂರಬಾರದು. ಚಾರ್ಜರ್ ಕೀಳಬೇಕು. ಸ್ಕ್ರೀನ್ ಪೂರ್ತಿ ತೆರೆದು ಡೇರೆಯ ಹಾಗೆ ಬೋರಲು ನಿಲ್ಲಿಸಿದರೆ ಬಂದಷ್ಟು ಕೆಳಗೆ ಇಳಿಯುತ್ತದೆ. ಆಮೇಲೆ ಆನ್ ಆಗುತ್ತದಾ ಅಂತ ನೋಡುವ ಚಪಲ ಬಿಟ್ಟು ಅದೇ ದಿನ ತರಬೇಕು. ಬ್ಯಾಟರಿ ಬಿಡಿಸಿ, ಬೋರ್ಡ್ ಹೊರಗೆ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದರೆ ಎಷ್ಟೋ ಬದುಕುತ್ತವೆ. ನಿಮ್ಮದನ್ನೂ ತೊಳೆಸಿ ನೋಡಿ, ಆಸೆ ಪೂರ್ತಿ ಬಿಡಬೇಡಿ. ಬೋರ್ಡ್ ಉಳಿಯದಿದ್ದರೂ ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಭಾಗ) ಬೇರೆ ಕಾರ್ಡಾಗಿದ್ದರೆ ಫೋಟೋಗಳು ಸಿಗುವ ಸಾಧ್ಯತೆ ಚೆನ್ನಾಗಿದೆ.

ಪ್ರಶ್ನೆ: 8 ಜಿಬಿ ರ‍್ಯಾಮ್ ಇದೆ, 16 ಮಾಡಿಸಬಹುದೇ?
(ಎಣ್ಣೆ ಮಿಲ್ ಲೆಕ್ಕಪತ್ರ ನೋಡುವವರು, ಚಳ್ಳಕೆರೆ)

ಉತ್ತರ: ಬಿಚ್ಚುವ ಮೊದಲೇ ತಿಳಿಯಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಫಾರ್ಮ್ ಫ್ಯಾಕ್ಟರ್ ಎದುರು "ರೋ ಆಫ್ ಚಿಪ್ಸ್" ಅಂತಿದ್ದರೆ ಸಾಮಾನ್ಯವಾಗಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿದೆ ಅಂತ ಅರ್ಥ, ಆಸೆ ಬಿಡಿ. "ಎಸ್‌ಒ ಡಿಮ್" ಅಂತಿದ್ದರೆ ಸ್ಲಾಟ್ ಇದೆ, ಅಂದರೆ ಬದಲಿಸಬಹುದು. ಎಸ್‌ಎಸ್‌ಡಿ ಬದಲಿಸುವುದು ಹೆಚ್ಚಿನ ತೆಳು ಮಾಡೆಲ್‌ಗಳಲ್ಲಿ ಸಾಧ್ಯ, ಆದರೆ ಉದ್ದ ನೋಡಿ ತಗೊಳ್ಳಿ. 2280 ಅಂದರೆ 80 ಮಿಲಿಮೀಟರ್, 2242 ಅಂದರೆ 42. ಉದ್ದದ್ದು ತಂದು ಮೂಲೆ ಕತ್ತರಿಸಲಾ ಅಂತ ಕೇಳಿದವರೂ ಇದ್ದಾರೆ.

ಪ್ರಶ್ನೆ: ರಿಪೇರಿಗೆ ಕೊಡುವಾಗ ಪಾಸ್‌ವರ್ಡ್ ಕೇಳುತ್ತಾರೆ. ಕೊಡಲೇಬೇಕಾ?
(ಅಡಿಕೆ ವ್ಯಾಪಾರಿ, ಭೀಮಸಮುದ್ರ)

ಉತ್ತರ: ಬ್ಯಾಟರಿ, ಹಿಂಜ್, ಫ್ಯಾನ್, ಸ್ಕ್ರೀನ್ ಕೆಲಸಕ್ಕೆ ಬೇಕಿಲ್ಲ. ಪರೀಕ್ಷೆ ಮಾಡಲು ಬೇಕು ಅಂದರೆ ಬೇರೆ ಯೂಸರ್ ಅಕೌಂಟ್ ಮಾಡಿ ಅದರದ್ದು ಕೊಡಿ. ಕೊಡುವ ಮುಂಚೆ ಇನ್ನೊಂದು ಕೆಲಸ ಇದೆ. ಈಗಿನ ವಿಂಡೋಸ್ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ತಾನಾಗಿಯೇ ಬೀಗ ಹಾಕಿಡುತ್ತದೆ, ಬೋರ್ಡ್ ಬದಲಿಸಿದರೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ, ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಆ ಕಾಗದ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡಬೇಡಿ ಮತ್ತೆ.

ಪ್ರಶ್ನೆ: ಧೂಳು ತೆಗೆದು ಎಲ್ಲ ಜೋಡಿಸಿದೆ. ಒಂದು ಸ್ಕ್ರೂ ಉಳಿದಿದೆ. ಲ್ಯಾಪ್‌ಟಾಪ್ ಚೆನ್ನಾಗೇ ಓಡುತ್ತಿದೆ. ಪರವಾಗಿಲ್ವಾ?
(ಪದವಿ ವಿದ್ಯಾರ್ಥಿನಿ, ಹೊಳಲ್ಕೆರೆ)

ಉತ್ತರ: ತಂಗೀ, ಉಳಿದದ್ದು ಕೈಯಲ್ಲಿದೆಯಲ್ಲ, ಅಷ್ಟು ಗಾಬರಿ ಬೇಡ. ತಳದ ತೂತುಗಳನ್ನು ಎಣಿಸು. ಖಾಲಿ ತೂತು ಕಂಡರೆ, ಉದ್ದ ಹೊಂದಿದರೆ ಹಾಕು. ಹೊರಗಿನ ಎಲ್ಲ ತೂತೂ ತುಂಬಿದ್ದರೆ ಅದು ಒಳಗಿನದು, ಫ್ಯಾನಿನದೋ ಎಸ್‌ಎಸ್‌ಡಿಯದೋ, ಇನ್ನೊಮ್ಮೆ ಬಿಚ್ಚಲೇಬೇಕು. ನಾನು ಹೆದರುವುದು ಒಂದು ಕಡಿಮೆ ಬಿದ್ದಾಗ. ಆಗ ಆಫ್ ಮಾಡಿದ ಲ್ಯಾಪ್‌ಟಾಪನ್ನು ಕಿವಿ ಹತ್ತಿರ ಹಿಡಿದು ನಿಧಾನ ಓರೆ ಮಾಡು. ಒಳಗೆ ಕಿಣಿ ಕಿಣಿ ಅಂದರೆ ಆನ್ ಮಾಡಬೇಡ.